ಗಾಳೆಪ್ಪನ ಬಿಸಿಲುಗೂಡು

ಸಿರುಗುಪ್ಪದ ಹೊರಗೆ, ಬಳ್ಳಾರಿ ರಸ್ತೆಗೆ ಅಂಟಿಕೊಂಡಿರುವ ಒಂದು ರೈಸ್ ಮಿಲ್ಲಿನಲ್ಲಿ ಗಾಳೆಪ್ಪ ಮೂವತ್ತೊಂದು ವರ್ಷ ಭತ್ತ ಒಣಗಿಸಿದ. ಬೇರೆ ಕೆಲಸ ಅವನು ಕಲಿಯಲೂ ಇಲ್ಲ, ಬೇಕೆಂದು ಅನ್ನಿಸಲೂ ಇಲ್ಲ. ಕುದಿಸಿದ ಭತ್ತ ನೀರು ಸುರಿಸುತ್ತ ಬಂದು ಮೂರಾಳು ಎತ್ತರದ ಡ್ರೈಯರಿಗೆ ಬೀಳುತ್ತಿತ್ತು. ಕೆಳಗಿನಿಂದ ಬ್ಲೋವರು ಬಿಸಿಗಾಳಿ ಊದುತ್ತಿತ್ತು. ಗಾಳೆಪ್ಪ ಪಕ್ಕದ ಕಿಂಡಿಗೆ ಕೈ ಹಾಕಿ ನಾಲ್ಕು ಕಾಳು ತೆಗೆದು, ಒಂದನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಕಡಿಯುತ್ತಿದ್ದ. "ತೇವ ಹದಿನೇಳು ಐತಿ. ಇನ್ನೂ ಎರಡು ತಾಸು ಬೇಕು" ಎನ್ನುತ್ತಿದ್ದ. ಆಫೀಸಿನಲ್ಲಿ ತೇವ ಅಳೆಯುವ ಮೀಟರು ಇತ್ತು. ಮೊದಮೊದಲು ಗುಮಾಸ್ತರು ಅವನ ಮಾತನ್ನು ಮೀಟರಿನಲ್ಲಿ ಪರೀಕ್ಷೆ ಮಾಡಿದರು. ಕೆಲವು ವರ್ಷಗಳಾದ ಮೇಲೆ ಮೀಟರಿನ ಮೇಲೆ ಸಂಶಯ ಬಂದಾಗ ಗಾಳೆಪ್ಪನನ್ನು ಕರೆಯುವುದು ರೂಢಿಯಾಯಿತು.

ಆ ಬ್ಲೋವರಿನ ಪಕ್ಕದಲ್ಲೇ ಅವನ ಕಿವಿ ಹೋಯಿತು. ಒಂದೇ ದಿನ ಹೋಗಲಿಲ್ಲ. ಮೊದಲು ಗುಬ್ಬಿಗಳ ದನಿ ಹೋಯಿತು, ಸೈಕಲ್ ಬೆಲ್ಲು ಹೋಯಿತು. ಆಮೇಲೆ ಹೆಂಗಸರ ಮಾತು. ಐವತ್ತು ದಾಟುವಷ್ಟರಲ್ಲಿ ಗಂಡಸರದೂ ಹೋಯಿತು. ಲಾರಿ ಬಂದರೆ, ಗುಡುಗಿದರೆ ಎದೆಗೆ ಗೊತ್ತಾಗುತ್ತಿತ್ತು. ಮಾತು ಮಾತ್ರ ನೀರೊಳಗಿನಿಂದ ಆಡಿದ ಹಾಗೆ ಒಂದಕ್ಕೊಂದು ಅಂಟಿಕೊಂಡು ಬರುತ್ತಿತ್ತು. ಮಿಲ್ಲಿನಲ್ಲಿ ಇದೊಂದು ಕೊರತೆ ಅನ್ನಿಸಲಿಲ್ಲ. ಆ ಸದ್ದಿನಲ್ಲಿ ಯಾರಿಗೂ ಯಾರದೂ ಕೇಳುತ್ತಿರಲಿಲ್ಲ, ಎಲ್ಲರೂ ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. ಹೊರಗೆ ಬಂದಾಗ ಮಾತ್ರ ಕಷ್ಟ. ಕಿವಿ ಕೇಳುವುದಿಲ್ಲ ಎಂದು ಹೇಳಿಕೊಳ್ಳಲು ಅವನಿಗೆ ನಾಚಿಕೆ. ಎದುರಿನವರ ಮುಖ ನೋಡಿ, ತುಟಿ ನೋಡಿ, ಹೊತ್ತು ನೋಡಿ, ಏನು ಕೇಳಿರಬಹುದು ಎಂದು ಊಹಿಸುತ್ತಿದ್ದ. ಊಹೆಗೆ ಸಿಗದಿದ್ದರೆ ಸಣ್ಣಗೆ ನಕ್ಕು "ಹೂಂ" ಅನ್ನುತ್ತಿದ್ದ. ಮನುಷ್ಯರ ಮಾತಿಗೆ ಹೆಚ್ಚಾಗಿ ಅಷ್ಟೇ ಸಾಕಾಗುತ್ತದೆ ಎಂಬುದನ್ನು ಅವನು ಕಂಡುಕೊಂಡಿದ್ದ.

ಮಿಲ್ಲಿಗೆ ಹೊಸ ಡ್ರೈಯರು ಬಂತು. ಅದರ ತೇವ, ಬಿಸಿ, ಗಾಳಿ ಎಲ್ಲ ಒಂದು ಗಾಜಿನ ಪರದೆಯ ಮೇಲೆ ಅಂಕಿಗಳಾಗಿ ಮೂಡುತ್ತಿದ್ದವು. ಮಾಲೀಕ ಚಿದಾನಂದಪ್ಪ ಒಂದು ದಿನ ಗಾಳೆಪ್ಪನನ್ನು ಆಫೀಸಿಗೆ ಕರೆಸಿ, ಕುರ್ಚಿಯ ಮೇಲೆ ಕೂರಿಸಿ, ಚಹಾ ತರಿಸಿದರು. ಬಹಳ ಹೊತ್ತು ಮಾತಾಡಿದರು. ಒಳ್ಳೆಯ ಮಾತೇ ಇರಬೇಕು, ಮುಖ ಮೆತ್ತಗಿತ್ತು. ಗಾಳೆಪ್ಪ ಮೂರು ಸಲ ಹೂಂ ಅಂದ. ಕೊನೆಗೆ ಅವರು ಎದ್ದು ಬಂದು ಅವನ ಹೆಗಲ ಮೇಲೆ ಕೈ ಇಟ್ಟಾಗ, ತಾನು ಒಪ್ಪಿಕೊಂಡದ್ದು ಏನು ಎಂಬುದು ಅವನಿಗೆ ತಿಳಿಯಿತು.

ದೇಶನೂರಿನಲ್ಲಿ ಅವನದು ಎರಡು ಖೋಲಿಯ ಮನೆ, ಹಿಂದೆ ಉದ್ದನೆಯ ಹಿತ್ತಿಲು. ಹೆಂಡತಿ ಜಡೆಮ್ಮ ಆಗ ಮನೆಯಲ್ಲಿರಲಿಲ್ಲ. ಮಗಳು ಪೂಜಿತಾ ಬಳ್ಳಾರಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಅಳಿಯನಿಗೆ ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಪಾಳಿಯ ಕೆಲಸ. ಪೂಜಿತಾಳ ಬಾಣಂತನಕ್ಕೆಂದು ಹೋದ ಜಡೆಮ್ಮ ಐದು ತಿಂಗಳಿಗೆ ಬರಬೇಕಿತ್ತು. ಕೂಸು ನೋಡಿಕೊಳ್ಳಲು ಬೇರೆ ಜನ ಸಿಗಲಿಲ್ಲ. ಒಂದೂವರೆ ವರ್ಷವಾಯಿತು. ಭಾನುವಾರ ಭಾನುವಾರ ಪೂಜಿತಾ ವಿಡಿಯೋ ಕಾಲ್ ಮಾಡುತ್ತಿದ್ದಳು. ಗಾಳೆಪ್ಪ ಫೋನನ್ನು ಕಿಟಕಿಯ ಸರಳಿಗೆ ಒರಗಿಸಿ ಎದುರಿಗೆ ಕೂರುತ್ತಿದ್ದ. ಕೂಸಿನ ಮುಖ ಬರುತ್ತಿತ್ತು, ಮಗಳ ಮುಖ ಬರುತ್ತಿತ್ತು, ಕೊನೆಗೆ ಜಡೆಮ್ಮನ ಮುಖ. ತುಟಿಗಳು ಅಲ್ಲಾಡುತ್ತಿದ್ದವು. ಅವನು ನಗುತ್ತ ಹೂಂ, ಹೂಂ ಅನ್ನುತ್ತಿದ್ದ. ಅವನ ಕಿವಿ ಮಂದವಾಗಿದೆ ಎಂದು ಅವರಿಗೆ ಗೊತ್ತಿತ್ತು. ಪೂರ್ತಿ ಹೋಗಿದೆ ಎಂದು ಗೊತ್ತಿರಲಿಲ್ಲ.

ಕೆಲಸ ಬಿಟ್ಟ ಮರು ವರ್ಷ, ಭರಣಿ ಮಳೆಯ ಹೊತ್ತಿನಲ್ಲಿ ಬೀಸಿದ ಬಿರುಗಾಳಿಗೆ ಹಿತ್ತಿಲಿನ ಬೇವಿನ ಮರ ಬುಡಸಮೇತ ಮಗುಚಿ ಬಿತ್ತು. ಅವನ ತಾಯಿ ಹಾಕಿದ ಮರ. ಇಟ್ಟಿಗೆ ಭಟ್ಟಿಯವರು ಸೌದೆಗೆ ಕೇಳಿದರು. ಗಾಳೆಪ್ಪ ಕೊಡಬೇಕೆಂದೇ ಇದ್ದ. ತುಂಡು ಮಾಡಲು ಕುರುಗೋಡಿನ ಹುಲುಗೇಶ್ ಮರ ಕೊಯ್ಯುವ ಮಷೀನು ತಂದ. ಅವನು ಬೊಡ್ಡೆಯ ಸುತ್ತ ಎರಡು ಸುತ್ತು ಬಂದು, ಅಂಗೈಯಿಂದ ತಟ್ಟಿ, ಗಾಳೆಪ್ಪನ ಕಡೆ ತಿರುಗಿದ. ಹಳೆಯ ಪರಿಚಯದವನಾದ್ದರಿಂದ ಗಾಳೆಪ್ಪನ ಜೊತೆ ಹೇಗೆ ಮಾತಾಡಬೇಕೆಂದು ಅವನಿಗೆ ತಿಳಿದಿತ್ತು. ಮುಖದ ಎದುರಿಗೆ ನಿಂತು, ಕೈಯಾಡಿಸುತ್ತ, ಬಿಡಿಬಿಡಿಯಾಗಿ ಹೇಳಿದ:

"ಅಣ್ಣಾ, ಇದು ಒಲಿಗೆ ಹಾಕೋ ಮರ ಅಲ್ಲ. ಹಲಗಿ ಆಗ್ತೈತಿ. ಚೊಲೋ ಹಲಗಿ!"

ಹಲಗೆಯಿಂದ ಏನು ಮಾಡುವುದು ಎಂದು ಗಾಳೆಪ್ಪನಿಗೆ ಹೊಳೆಯಲಿಲ್ಲ. ಆದರೆ ಆ ದಿನಗಳಲ್ಲಿ ಒಬ್ಬ ಮನುಷ್ಯ ಎದುರಿಗೆ ನಿಂತು ಅಷ್ಟು ಆಸೆಯಿಂದ ಮಾತಾಡಿದ್ದು ಅಪರೂಪ. "ಮಾಡಪಾ" ಅಂದ. ಹುಲುಗೇಶ್ ಮಷೀನನ್ನು ಕಬ್ಬಿಣದ ಹಳಿಯ ಮೇಲೆ ಕೂರಿಸಿ ಎರಡು ದಿನ ಕೊಯ್ದ. ಬೊಡ್ಡೆಯಿಂದಲೂ ಎರಡು ದಪ್ಪ ಕೊಂಬೆಗಳಿಂದಲೂ ಮೂವತ್ತೊಂದು ಹಲಗೆ ಬಂದವು, ಒಂದೊಂದೂ ಒಂದೂವರೆ ಇಂಚು ದಪ್ಪ. ಮಷೀನಿನ ಸದ್ದು ಗಾಳೆಪ್ಪನ ಅಂಗಾಲಿಗೆ ಬರುತ್ತಿತ್ತು. ಹಿತ್ತಿಲ ತುಂಬ ಬೇವಿನ ಕಹಿ ವಾಸನೆ.

ಅವುಗಳಲ್ಲಿ ಐದನ್ನು ಅವನು ಗೋಡೆಗೆ ಒರಗಿಸಿ ಬಿಸಿಲಿಗಿಟ್ಟ. ನಮ್ಮ ಕಡೆ ಮೇ ತಿಂಗಳ ಬಿಸಿಲೆಂದರೆ ಗೊತ್ತಲ್ಲ. ಒಂದು ವಾರಕ್ಕೆ ಐದೂ ಹಪ್ಪಳದ ಹಾಗೆ ಡೊಂಕಾದವು, ತುದಿಗಳು ಬೆರಳು ತೂರುವಷ್ಟು ಸೀಳಿದವು. ತೆಕ್ಕಲಕೋಟೆಯ ಬಡಗಿ ಅಂಜಿನೇಯ ಬಂದು ನೋಡಿ ತಲೆ ಅಲ್ಲಾಡಿಸಿದ. ನೆರಳನ್ನು ತೋರಿಸಿದ. ಎರಡು ಬೆರಳೆತ್ತಿ ಅಂದ: "ಎರಡು ವರ್ಷ ಇಡಬೇಕು. ಬಿಸಿಲು ಬ್ಯಾಡ."

ಅಂದು ಇಡೀ ದಿನ ಗಾಳೆಪ್ಪ ಸೀಳಿದ ಹಲಗೆಗಳ ಮುಂದೆ ಕೂತಿದ್ದ. ಇದು ಅವನಿಗೆ ಗೊತ್ತಿದ್ದ ಸಂಗತಿಯೇ. ಭತ್ತವನ್ನು ಒಂದೇ ದಮ್ಮಿಗೆ ಒಣಗಿಸಿದರೆ ಅಕ್ಕಿ ಒಳಗೇ ಬಿರುಕು ಬಿಟ್ಟು ಮಿಲ್ಲಿನಲ್ಲಿ ನುಚ್ಚಾಗುತ್ತದೆ. ಆದ್ದರಿಂದ ಒಂದಷ್ಟು ಒಣಗಿಸಿ, ಬಿಸಿ ನಿಲ್ಲಿಸಿ, ಕಾಳಿನ ಹೊಟ್ಟೆಯ ತೇವ ಮೈಗೆ ಬರುವ ತನಕ ಬಿಡುವು ಕೊಡಬೇಕು, ಮತ್ತೆ ಒಣಗಿಸಬೇಕು. ಹಲಗೆಗೂ ಡ್ರೈಯರು ಯಾಕಾಗಬಾರದು? ಹಗಲು ಬಿಸಿಲು ಕಾಯಿಸುತ್ತದೆ, ಇರುಳು ತಾನಾಗಿಯೇ ಬಿಡುವು ಸಿಗುತ್ತದೆ.

ಫೋನಿನಲ್ಲಿ ಹುಡುಕಿದ. ಯಾವುದೋ ಚಳಿ ದೇಶದ ಗಡ್ಡದ ಮನುಷ್ಯನೊಬ್ಬ ಇಳಿಜಾರು ಪ್ಲಾಸ್ಟಿಕ್ ಸೂರಿನ ಒಂದು ಗೂಡು ಕಟ್ಟಿ ಅದರೊಳಗೆ ಹಲಗೆ ಒಣಗಿಸುತ್ತಿದ್ದ. ಅವನು ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಿದ್ದ. ಕಿವಿ ಇದ್ದಿದ್ದರೂ ಗಾಳೆಪ್ಪನಿಗೆ ಅದು ತಿಳಿಯುತ್ತಿರಲಿಲ್ಲ, ಹಾಗಾಗಿ ನಷ್ಟವೇನೂ ಆಗಲಿಲ್ಲ. ಗೂಡಿನ ಬಾಯಿ ಬಿಸಿಲಿನ ಕಡೆ, ಅಂದರೆ ದಕ್ಷಿಣಕ್ಕೆ. ಸೂರಿನ ಕೆಳಗೆ ಕಪ್ಪು ತಗಡು. ಫ್ಯಾನು ಆ ಬಿಸಿಯನ್ನು ಕೆಳಕ್ಕೆ ದೂಡುತ್ತದೆ. ಹಿಂದಿನ ಗೋಡೆಯಲ್ಲಿ ಮುಚ್ಚಿ ತೆರೆಯುವ ಎರಡು ಕಿಂಡಿ, ಅಲ್ಲಿಂದ ತೇವ ಹೊರಗೆ ಹೋಗುತ್ತದೆ. ಅವನು ಆ ವಿಡಿಯೋವನ್ನು ಇಪ್ಪತ್ತು ಸಲ ನೋಡಿದ.

ಮಿಲ್ಲಿನ ಹಿಂದೆ ಹಳೆಯ ಡ್ರೈಯರನ್ನು ಬಿಚ್ಚಿ ಗುಜರಿಗೆಂದು ರಾಶಿ ಹಾಕಿದ್ದರು. ಗಾಳೆಪ್ಪ ಹೋಗಿ ಚಿದಾನಂದಪ್ಪನ ಮುಂದೆ ನಿಂತ.

"ಸಾವ್ಕಾರ್ರೇ, ಆ ತೂತಿನ ತಗಡು ನಾಲ್ಕು ಕೊಡ್ರಿ."

ಅವರು ಏನೋ ಕೇಳಿದರು. ಹೇಗಿದ್ದೀ ಎಂದಿರಬೇಕು ಅಂದುಕೊಂಡು ಗಾಳೆಪ್ಪ, "ಆರಾಮ ಅದೀನ್ರಿ" ಅಂದ. ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿ ಅವನನ್ನು ಒಂದು ಗಳಿಗೆ ನೋಡಿದರು. ಏನಕ್ಕೆ ಎಂದು ಕೇಳಿದ್ದರು ಅವರು. ಬೇಕಾದಷ್ಟು ಒಯ್ಯಿ ಎಂದು ಕೈಬೀಸಿದರು. ಮೂವತ್ತೊಂದು ವರ್ಷ ದಿನವೂ ಮುಟ್ಟಿದ ತಗಡುಗಳು. ಹೊಗೆಗೆ ಮೊದಲೇ ಅರ್ಧ ಕಪ್ಪಾಗಿದ್ದವು, ಉಳಿದರ್ಧಕ್ಕೆ ಅವನು ಬಣ್ಣ ಬಳಿದ.

ಇಪ್ಪತ್ತೆರಡು ದಿನ ಹಿಡಿಯಿತು ಕಟ್ಟಲು. ಕಬ್ಬಿಣದ ಚೌಕಟ್ಟನ್ನು ಸಿರುಗುಪ್ಪದಲ್ಲಿ ವೆಲ್ಡಿಂಗ್ ಮಾಡಿಸಿ ತಂದ. ಎಂಟಡಿ ಉದ್ದ, ಆರಡಿ ಅಗಲ. ಹಿಂದೆ ಆರಡಿ ಎತ್ತರ, ಮುಂದೆ ನಾಲ್ಕು. ಮೂರು ಕಡೆಗೆ ಎರಡು ಪದರ ತಗಡು ಹೊಡೆದು ನಡುವೆ ಭತ್ತದ ಹೊಟ್ಟು ತುಂಬಿದ. ಹೊಟ್ಟಿನ ಗೋಡೆ ಬಿಸಿಯನ್ನು ಬಿಟ್ಟುಕೊಡುವುದಿಲ್ಲ ಎಂದು ಅವನಿಗೆ ಮಿಲ್ಲಿನಲ್ಲೇ ತಿಳಿದಿತ್ತು. ಸೂರಿಗೆ ಸಸಿಮಡಿಗಳಿಗೆ ಹಾಕುವ ದಪ್ಪ ಪ್ಲಾಸ್ಟಿಕ್. ಬಳ್ಳಾರಿಯ ಗುಜರಿ ಅಂಗಡಿಯಿಂದ ಕಾರಿನ ಎರಡು ರೇಡಿಯೇಟರ್ ಫ್ಯಾನು, ಅವುಗಳಿಗೆ ಒಂದು ಸೋಲಾರ್ ಪ್ಲೇಟ್. ಬಿಸಿಲಿದ್ದರೆ ಫ್ಯಾನು ತಿರುಗಬೇಕು, ಇಲ್ಲದಿದ್ದರೆ ನಿಲ್ಲಬೇಕು. ಕೆಲಸ ಮಾಡುವಾಗ ಅವನ ಜೊತೆ ಯಾರೂ ಇರಲಿಲ್ಲ. ಒಂದು ತುದಿ ಹಿಡಿಯುವವರಿಲ್ಲದೆ ಎಂಟಡಿ ತಗಡನ್ನು ನಿಲ್ಲಿಸಲು ಅವನು ಗೋಡೆಗೂ ಕಲ್ಲಿಗೂ ಹಗ್ಗ ಬಿಗಿದು ಉಪಾಯ ಮಾಡುತ್ತಿದ್ದ. ಕೆಲವು ದಿನ ಸಂಜೆ ಆಗುವಾಗ, ಬೆಳಗಿನಿಂದ ಒಂದು ಮಾತನ್ನೂ ಆಡಿಲ್ಲ ಎಂಬುದು ನೆನಪಾಗಿ, ಗಂಟಲು ಇದೆಯೋ ಇಲ್ಲವೋ ನೋಡಲೆಂಬಂತೆ ಕೆಮ್ಮುತ್ತಿದ್ದ.

ಆಷಾಢ ಹುಟ್ಟುವ ಮುಂಚೆ ಹನ್ನೆರಡು ಹಲಗೆ ಒಳಗಿಟ್ಟ. ತುದಿಗಳಿಗೆ ಹಳೆಯ ಪೇಂಟು ಮೆತ್ತಿದ. ಹಲಗೆ ಹಲಗೆಯ ನಡುವೆ ಗಾಳಿ ಆಡಲು ಅಡ್ಡಪಟ್ಟಿ ಕೊಟ್ಟು, ಡೊಂಕಾಗದಂತೆ ಮೇಲೆ ಕಲ್ಲು ಹೇರಿದ. ಮೊದಲ ಮಧ್ಯಾಹ್ನವೇ ಒಳಗಿನ ಬಿಸಿ ಅರವತ್ತೈದು ಡಿಗ್ರಿಗೆ ಏರಿತು. ಅವನಿಗೆ ಹಬ್ಬದ ಸಂಭ್ರಮ. ಕಿಂಡಿ ಎರಡನ್ನೂ ಪೂರ್ತಿ ತೆರೆದ. ಬಿಸಿ, ತೇವದ ಗಾಳಿ ಅಂಗೈಗೆ ಬಡಿಯಿತು.

ಪಕ್ಕದ ಮನೆ ಜಂಬಮ್ಮನದು. ಎಪ್ಪತ್ತು ದಾಟಿದ ಮುದುಕಿ. ಮೂರು ಜನ ಸೊಸೆಯಂದಿರು, ಒಂಬತ್ತು ಮೊಮ್ಮಕ್ಕಳು. ಆ ಗದ್ದಲಕ್ಕೆ ಬೇಸತ್ತು ಆಕೆ ಮಧ್ಯಾಹ್ನ ಊಟವಾದ ಮೇಲೆ ಹಿತ್ತಿಲ ಕಟ್ಟೆಗೆ ಬಂದು ದೇವರ ದೀಪಕ್ಕೆ ಬತ್ತಿ ಹೊಸೆಯುತ್ತ ಕೂರುತ್ತಿದ್ದಳು. ಎರಡು ಹಿತ್ತಿಲುಗಳ ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಗೂಡು ಕಾಯತೊಡಗಿದ ಮಾರನೆಯ ದಿನ ಆಕೆ ಗೋಡೆಯ ಬಳಿ ಬಂದು ಗಾಳೆಪ್ಪನಿಗೆ ಏನೋ ಕೇಳಿದಳು. ಮಧ್ಯಾಹ್ನ ಎರಡು ಗಂಟೆ. ಆ ಹೊತ್ತಿಗೆ ಯಾರಾದರೂ ಕೇಳುವುದು ಒಂದೇ.

"ಆತ್ರೀ ಯಮ್ಮಾ, ಊಟ ಆತು" ಅಂದ ಗಾಳೆಪ್ಪ.

ಮರುದಿನವೂ ಕೇಳಿದಳು, ಈ ಸಲ ಗೂಡಿನ ಕಡೆ ಕೈ ಮಾಡಿ. "ಹೂಂ, ಹೂಂ. ಹಲಗಿ ಒಣಗ್ಸಾಕತ್ತೀನಿ" ಅಂದ. ಮೂರನೆಯ ದಿನ ಕೈಗಳನ್ನು ಜೋರಾಗಿ ಆಡಿಸಿದಳು. ನಕ್ಕು ಹೂಂ ಅಂದ. ನಾಲ್ಕನೆಯ ದಿನ ಆಕೆ ಗೋಡೆಯ ಬಳಿ ಬರಲಿಲ್ಲ. ಕಟ್ಟೆಯ ಮೇಲೆ ಕೂತೇ ಅವನನ್ನು ವಿಚಿತ್ರವಾಗಿ ನೋಡಿದಳು.

ಐದನೆಯ ದಿನ ಬೆಳಗ್ಗೆ ತೂಕ ನೋಡಲು ಒಂದು ಹಲಗೆ ಎಳೆದ. ಮೈತುಂಬ ಬಿರುಕು. ಇನ್ನೊಂದನ್ನು ಎಳೆದ. ಹನ್ನೆರಡರಲ್ಲಿ ಒಂಬತ್ತು ಉದ್ದಕ್ಕೂ ಸೀಳಿದ್ದವು. ಹೊರಮೈ ಬೇಗ ಒಣಗಿ ಬಿಗಿದುಕೊಂಡಿತ್ತು, ಒಳಗೆ ಇನ್ನೂ ಹಸಿ. ಭತ್ತದ ಕಾಳಿಗೆ ಒಂದು ರಾತ್ರಿಯ ಬಿಡುವು ಧಾರಾಳ ಸಾಕು. ಒಂದೂವರೆ ಇಂಚಿನ ಹಲಗೆಗೆ ಅದು ಏನೂ ಅಲ್ಲ ಎಂಬುದನ್ನು ಅವನು ಯೋಚಿಸಿರಲಿಲ್ಲ.

ತಲೆ ಎತ್ತಿದಾಗ ಜಂಬಮ್ಮ ಗೋಡೆಯಾಚೆ ನಿಂತಿದ್ದಳು. ಅವನಿಗೆ ಏನೋ ಹೊಳೆಯಿತು. ಗೋಡೆಯ ಹತ್ತಿರ ಹೋದ.

"ಯಮ್ಮಾ, ಮೂರು ದಿನ ನೀವು ನನಗ ಏನು ಹೇಳಾಕತ್ತಿದ್ರಿ?"

ಆಕೆ ಹೇಳಿದಳು. ತುಟಿಗಳು ಅಲ್ಲಾಡಿದವು. ಹಲ್ಲಿಲ್ಲದ ಬಾಯಿಯ ಮಾತನ್ನು ನೋಡಿ ತಿಳಿಯುವುದು ಅವನಿಂದ ಆಗಲಿಲ್ಲ.

"ನನಗ ಕೇಳಂಗಿಲ್ರೀ" ಅಂದ ಗಾಳೆಪ್ಪ. ಜೀವಮಾನದಲ್ಲಿ ಮೊದಲ ಸಲ ಅಂದಿದ್ದ. "ಮಂದ ಅಲ್ಲ. ಏನಂದ್ರ ಏನೂ ಕೇಳಂಗಿಲ್ಲ."

ಜಂಬಮ್ಮ ಬೆರಗಾಗಿ ನೋಡಿದಳು. ಆಮೇಲೆ ಗೋಡೆಯ ಮೇಲೆ ಬಿದ್ದಿದ್ದ ಒಣ ಬೇವಿನ ಕಡ್ಡಿಯೊಂದನ್ನು ಎತ್ತಿ, ಅವನ ಮುಖದ ಮುಂದೆ ಹಿಡಿದು ಮುರಿದಳು. ಗೂಡನ್ನು ತೋರಿಸಿದಳು. ಇನ್ನೊಂದು ಕಡ್ಡಿ ಮುರಿದಳು. ಮತ್ತೊಂದು. ಕೊನೆಗೆ ಎರಡೂ ಕೈಗಳ ಬೆರಳನ್ನೆಲ್ಲ ಬಿಡಿಸಿ ಮೂರು ನಾಲ್ಕು ಸಲ ತೋರಿಸಿದಳು. ಹಲಗೆಗಳು ಸೀಳುವ ಸದ್ದು ಆಕೆಗೆ ನಾಲ್ಕು ದಿನ ಕೇಳಿತ್ತು. ಆಕೆ ಅದನ್ನೇ ಹೇಳಲು ಬಂದಿದ್ದಳು. ಅವನು ಊಟ ಆಯಿತು ಎಂದಿದ್ದ.

ಅಂದು ಅವನು ಗೂಡಿನ ಬಾಗಿಲು ಹಾಕಿ ಸುಮ್ಮನೆ ನೆಲದ ಮೇಲೆ ಕೂತ. ಹೋದ ಹಲಗೆಗಳ ಚಿಂತೆ ಒಂದು ಗಳಿಗೆಯಲ್ಲಿ ಮುಗಿಯಿತು. ಇನ್ನೂ ಎಷ್ಟು ಜನರಿಗೆ, ಇನ್ನೂ ಯಾವ ಯಾವ ಮಾತಿಗೆ ತಾನು ಹೂಂ ಅಂದಿರಬಹುದು ಎಂಬ ಯೋಚನೆ ಮಾತ್ರ ಮುಗಿಯಲಿಲ್ಲ.

ಉಳಿದ ಹದಿನಾಲ್ಕು ಹಲಗೆಗಳನ್ನು ಒಳಗಿಟ್ಟಾಗ ಜಂಬಮ್ಮನೇ ಗೋಡೆಯಾಚೆಯಿಂದ ತನ್ನ ಕಿವಿ ಮುಟ್ಟಿ ತೋರಿಸಿದಳು. ನಾನು ಸದ್ದು ಕೇಳುತ್ತೇನೆ, ನೀನು ನನ್ನನ್ನು ನೋಡು ಎಂಬಂತೆ. ದಿನವೂ ಹನ್ನೆರಡರಿಂದ ಮೂರರವರೆಗೆ ಆಕೆ ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತ ಗೂಡಿನ ಕಡೆ ಕಿವಿಗೊಟ್ಟು ಕೂರುತ್ತಿದ್ದಳು. ಒಳಗೆ ಒಂದು ಸದ್ದಾದರೆ ಒಂದು ಬೆರಳು ಎತ್ತುತ್ತಿದ್ದಳು. ಗಾಳೆಪ್ಪ ಆ ಬೆರಳನ್ನು ಕಾಯುತ್ತಿದ್ದ. ಎದ್ದರೆ ಓಡಿಹೋಗಿ ಕಿಂಡಿ ಮುಚ್ಚುತ್ತಿದ್ದ, ಫ್ಯಾನಿನ ತಂತಿ ಕಿತ್ತು ನಿಲ್ಲಿಸುತ್ತಿದ್ದ, ಹಸಿ ಗೋಣಿಚೀಲ ಒಳಗೆ ತೂಗುಹಾಕುತ್ತಿದ್ದ. ಮೊದಲ ದಿನ ಹನ್ನೊಂದು ಸಲ ಬೆರಳೆದ್ದಿತು. ಕಿಂಡಿಯನ್ನು ಎರಡು ಬೆರಳಷ್ಟೇ ತೆರೆದಿಟ್ಟರೆ ಸಾಕೆಂದು ಮೂರನೆಯ ದಿನಕ್ಕೆ ಗೊತ್ತಾಯಿತು. ವಾರ ಕಳೆಯುವಷ್ಟರಲ್ಲಿ ದಿನಕ್ಕೆ ಒಂದೋ ಎರಡೋ. ಆಮೇಲೆ ಕೆಲವು ದಿನ ಏನೂ ಇಲ್ಲ. ಆಗ ಜಂಬಮ್ಮ ಬರಿಗೈ ಅಲ್ಲಾಡಿಸಿ ಬೊಚ್ಚುಬಾಯಿ ತೆರೆದು ನಗುತ್ತಿದ್ದಳು.

ಹಲ್ಲಿನಿಂದ ಕಡಿದು ಮರದ ತೇವ ಹೇಳಲು ಬರುವುದಿಲ್ಲ. ಹಾಗಾಗಿ ಅವನು ಹಲಗೆಯ ಅಂಗೈಯಗಲದ ತುಂಡೊಂದನ್ನು ತೂಗಿ, ರೊಟ್ಟಿ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಕಾಯಿಸಿ, ಎಷ್ಟು ನೀರಿತ್ತು ಎಂದು ಲೆಕ್ಕ ಹಾಕುತ್ತಿದ್ದ. ನೂರಕ್ಕೆ ಐವತ್ತೆಂಟರಿಂದ ಶುರುವಾದದ್ದು ನಲವತ್ತು, ಮೂವತ್ತು, ಇಪ್ಪತ್ತೆರಡು ಎಂದು ಇಳಿಯಿತು. ಮೋಡದ ದಿನಗಳಲ್ಲಿ ಅಲ್ಲೇ ನಿಂತಿತು. ಐವತ್ಮೂರನೆಯ ದಿನ ಹನ್ನೆರಡಕ್ಕೆ ಬಂತು.

ಈ ನಡುವೆ ಒಂದು ಭಾನುವಾರ ಅವನು ಫೋನಿನ ಮುಂದೆ ಕೂತಾಗ, ಜಡೆಮ್ಮನ ಮುಖ ಬಂದ ಕೂಡಲೇ ಕೈ ಎತ್ತಿ ತಡೆದ.

"ಜಡೆಮ್ಮಾ, ನಿಂದರು. ನನಗ ಏನೂ ಕೇಳಂಗಿಲ್ಲ. ಆರೇಳು ವರ್ಷ ಆತು. ನೀ ಏನಂದ್ರೂ ಸುಮ್ನ ಹೂಂ ಅಂದೀನಿ."

ಜಡೆಮ್ಮನ ತುಟಿಗಳು ನಿಂತವು. ಆಮೇಲೆ ಫೋನು ಮಗಳ ಕೈಗೆ ಹೋಗಿ ಗೋಡೆ ಕಂಡಿತು, ಫ್ಯಾನು ಕಂಡಿತು, ಕಾಲ್ ಕಟ್ಟಾಯಿತು.

ಗುರುವಾರ ಅವಳು ಬಸ್ಸಿಳಿದು ಬಂದಳು. ಗಾಳೆಪ್ಪ ಹಲಗೆಗಳನ್ನು ಹೊರಗೆ ತೆಗೆದು ಹಿತ್ತಿಲಲ್ಲಿ ಅಟ್ಟಿ ಹಾಕುತ್ತಿದ್ದ. ಹದಿನಾಲ್ಕರಲ್ಲಿ ಒಂದು ಮಾತ್ರ ಸೀಳಿತ್ತು. ಅವಳು ಚೀಲ ಕೆಳಗಿಟ್ಟು ಗೂಡನ್ನು ಸುತ್ತಿ ನೋಡಿದಳು, ಒಳಗೆ ತಲೆ ಹಾಕಿ ಸೆಕೆಗೆ ಹಿಂದೆ ಸರಿದಳು. ಹಲಗೆಗಳಿಗೆ ನಂಬರು ಹಾಕಲು ಇಟ್ಟಿದ್ದ ಸೀಮೆಸುಣ್ಣದ ತುಂಡು ಅಲ್ಲೇ ಬಿದ್ದಿತ್ತು. ಅದನ್ನು ಎತ್ತಿಕೊಂಡು ಮೇಲಿನ ಹಲಗೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವಳು. ಒಂದೊಂದೇ ಅಕ್ಷರ ಬರೆದಳು.

'ಹೋದ ದಸರಕ್ಕ ಕೇಳಿದ್ದೆ. ಬಳ್ಳಾರಿಗೆ ಬಂದು ಇರ್ತಿ ಏನು ಅಂತ.'

ಗಾಳೆಪ್ಪ ಓದಿದ. "ನಾ ಏನಂದೆ?"

'ಹೂಂ ಅಂದಿ.'

ಅವಳು ಮಂಡಿಯ ಮೇಲೆ ಮುಂದೆ ಸರಿದು ಬರೆದಳು.

'ಮೇಲಿನ ರೂಮು ಖಾಲಿ ಮಾಡಿಸಿದ್ದೆ. ಮಂಚ ಹಾಕ್ಸಿದ್ದೆ. ಎರಡು ತಿಂಗಳ ನೋಡಿದೆ.'

"ಆಮ್ಯಾಲ?"

'ಬಾಡಿಗಿಗೆ ಕೊಟ್ರು.'

"ನನಗ ಬರಾಕ ಮನಸಿಲ್ಲ ಅಂತ ತಿಳ್ಕಂಡೇನು?"

ಹಲಗೆಯಲ್ಲಿ ಜಾಗ ಮುಗಿದಿತ್ತು. ಅವಳು ಅಂಚಿನಲ್ಲಿ, ಓರೆಯಾಗಿ, ಬರೆದಳು: 'ಹೂಂ.'

ಜಡೆಮ್ಮ ಎದ್ದು, ಸೆರಗನ್ನು ತಂಬಿಗೆಯ ನೀರಿನಲ್ಲಿ ಅದ್ದಿ ಅಕ್ಷರಗಳನ್ನು ಒರೆಸಲು ಹೋದಳು.

"ನೀರು ಹಚ್ಚಬ್ಯಾಡ! ತೇವ ಏರ್ತೈತಿ!" ಎಂದು ಗಾಳೆಪ್ಪ ಕೂಗಿದ. ಅವಳು ಬೆಚ್ಚಿ ನಿಂತಳು. ಆಮೇಲೆ ನಗತೊಡಗಿದಳು. ನಗುತ್ತಲೇ ಅವಳ ಕಣ್ಣು ತುಂಬಿದವು.

ನಾಲ್ಕು ದಿನ ಇದ್ದಳು. ರೊಟ್ಟಿ ಬಡಿದಳು, ಮನೆ ತೊಳೆದಳು, ಸಂಜೆ ಹಲಗೆಯ ಮುಂದೆ ಕೂತು ಬರೆದಳು. ಮೊಮ್ಮಗಳಿಗೆ ಹಲ್ಲು ಎಷ್ಟು ಬಂದಿವೆ, ಅಳಿಯನ ಸಿಟ್ಟು, ತನ್ನ ಮೊಣಕಾಲು ನೋವು, ಏಳು ವರ್ಷಗಳಲ್ಲಿ ಅವನಿಗೆ ತಲುಪದೆ ಹೋದ ಸಣ್ಣ ಸಣ್ಣ ಸುದ್ದಿಗಳು. ಐದನೆಯ ದಿನ ಪೂಜಿತಾಳಿಗೆ ಡ್ಯೂಟಿ ಇತ್ತು. ಕೂಸನ್ನು ನೋಡುವವರಿರಲಿಲ್ಲ. ಬೆಳಗಿನ ಬಸ್ಸಿಗೆ ಹೋದಳು.

ಹದಿಮೂರು ಹಲಗೆಗಳಿಂದ ಅಂಜಿನೇಯ ಬಟ್ಟೆ ಇಡುವ ಕಪಾಟು ಮಾಡಿದ. ಬೇವಿಗೆ ಹುಳ ಸೇರುವುದಿಲ್ಲ, ಕೂಸಿನ ಬಟ್ಟೆಗೆ ಒಳ್ಳೆಯದು ಎಂದು ಜಡೆಮ್ಮನೇ ಬರೆದಿದ್ದಳು. ಕಪಾಟಿನ ಬಾಗಿಲಿಗೆ ಸೂಜಿ ತೂರುವಷ್ಟೂ ಸಂದಿರಲಿಲ್ಲ. ಅಂಜಿನೇಯ ಅದನ್ನು ಮೂರು ಸಲ ತೆಗೆದು ಮುಚ್ಚಿ ನೋಡಿದ. ಆಮೇಲೆ ತನ್ನ ಜಾಲಿ ಹಲಗೆಗಳನ್ನೂ ಒಣಗಿಸಿಕೊಡು ಎಂದು ಸನ್ನೆ ಮಾಡಿದ.

ಕಪಾಟನ್ನು ಗೂಡ್ಸ್ ಆಟೊದಲ್ಲಿ ಹಾಕಿಕೊಂಡು ಗಾಳೆಪ್ಪನೂ ಬಳ್ಳಾರಿಗೆ ಹೋದ. ಹತ್ತು ದಿನ ಇದ್ದ. ಪೂಜಿತಾ ಕಿವಿಯ ಡಾಕ್ಟರಿಗೆ ತೋರಿಸಿ ಮಷೀನು ಕೊಡಿಸಿದಳು. ಅದನ್ನು ಹಾಕಿಕೊಂಡರೆ ಫ್ಯಾನು, ಹಾರನ್ನು, ಪಾತ್ರೆಯ ಸದ್ದು ಎಲ್ಲ ಒಮ್ಮೆಗೇ ತಲೆಯೊಳಗೆ ನುಗ್ಗುತ್ತಿದ್ದವು. ಮಾತು ಮಾತ್ರ ಮೊದಲಿನಂತೆಯೇ ಅಂಟಂಟು. ಬಹಳ ತಡವಾಗಿ ಬಂದಿದ್ದೀರಿ ಎಂದು ಡಾಕ್ಟರು ಚೀಟಿಯ ಮೇಲೆ ಬರೆದರು. ಮೊಮ್ಮಗಳು ಅವನ ಮಡಿಲಲ್ಲಿ ಕೂತು ದಿನವಿಡೀ ಮಾತಾಡುತ್ತಿದ್ದಳು. ಅವನು ಹೂಂ ಅನ್ನಲಿಲ್ಲ. "ಕೇಳಂಗಿಲ್ಲವ್ವಾ" ಅನ್ನುತ್ತಿದ್ದ. ಆಗ ಅವಳು ಎರಡೂ ಕೈಗಳಿಂದ ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಅದನ್ನೇ ಮತ್ತೆ ಹೇಳುತ್ತಿದ್ದಳು. ನಡುಮನೆಯಲ್ಲಿ ಅವನ ಹಾಸಿಗೆ. ರಾತ್ರಿ ಪಾಳಿ ಮುಗಿಸಿ ಬಂದ ಅಳಿಯ ಹಗಲು ಒಳಗೆ ಮಲಗಿದರೆ ಇವನು ಹೊರಗೆ ಅಡ್ಡಾಡಬೇಕು. ಕೌಲ್ ಬಜಾರಿನ ಗುಜರಿ ಅಂಗಡಿಗಳ ಮುಂದೆ ನಿಂತು ನಿಂತು ಸಾಕಾಯಿತು. ಅಂಜಿನೇಯನ ಹಲಗೆಗಳು ಕಾಯುತ್ತಿವೆ ಎಂದು ಹೇಳಿ ಹೊರಟ. ಜಡೆಮ್ಮ ಇರು ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ದಾರಿಗೆ ರೊಟ್ಟಿ ಕಟ್ಟಿಕೊಟ್ಟಳು. ಇರಬಹುದಿತ್ತಲ್ಲ ಎಂದು ಅವನಿಗೆ ಅನ್ನಿಸಿದ್ದು ಬಸ್ಸು ತೆಕ್ಕಲಕೋಟೆ ದಾಟಿದ ಮೇಲೆ.

ಪುಷ್ಯ ಮಾಸದಲ್ಲಿ ಜಂಬಮ್ಮ ಬಚ್ಚಲಲ್ಲಿ ಜಾರಿ ಬಿದ್ದಳು, ವಾರದೊಳಗೆ ತೀರಿಕೊಂಡಳು. ಆಕೆಯನ್ನು ಒಯ್ಯುವಾಗ ತಮಟೆಯ ಬಡಿತ ಗಾಳೆಪ್ಪನ ಎದೆಗೂಡಿಗೆ ತಾಕಿತು, ಭಜನೆ ಕೇಳಲಿಲ್ಲ. ಅವನ ಕಣ್ಣಲ್ಲಿ ನೀರು ಕಂಡು ಆಕೆಯ ಸೊಸೆಯಂದಿರಿಗೆ ಆಶ್ಚರ್ಯವಾಯಿತು. ಅವರಿಬ್ಬರೂ ಒಂದು ಮಾತೂ ಆಡಿದ್ದನ್ನು ಆ ಮನೆಯವರು ನೋಡಿರಲಿಲ್ಲ.

ಜಾಲಿ ಬೇವಿಗಿಂತ ಗಟ್ಟಿ. ಅಂಜಿನೇಯನ ಮೂವತ್ತು ಹಲಗೆಗಳಲ್ಲಿ ಐದು ಸೀಳಿದವು. "ಮೂವತ್ತಕ್ಕ ಐದು ಏನೂ ಅಲ್ಲ ಬಿಡಣ್ಣಾ" ಎಂದು ಅವನು ಬೆರಳಲ್ಲಿ ತೋರಿಸಿ ಸಮಾಧಾನ ಹೇಳಿದ. ಆಕೆ ಇದ್ದಿದ್ದರೆ ಎರಡಕ್ಕೆ ನಿಲ್ಲುತ್ತಿತ್ತೆಂದು ಗಾಳೆಪ್ಪನಿಗೆ ಗೊತ್ತು. ಈಗ ಅವನು ಬರೀ ತೂಕದ ಮೇಲೆ, ಅಂದಾಜಿನ ಮೇಲೆ ಗೂಡು ನಡೆಸುತ್ತಾನೆ. ಹುಲುಗೇಶ್ ಕುರುಗೋಡಿನ ಕಡೆಯ ಹುಣಸೆ ಹಲಗೆ ಕಳಿಸುತ್ತಾನೆ. ಜನ ಬರುತ್ತಾರೆ, ಹಲಗೆ ಇಳಿಸುತ್ತಾರೆ, ಎಷ್ಟು ದಿನ ಎಂದು ಬೆರಳು ಮಾಡಿ ಕೇಳಿ ಹೋಗುತ್ತಾರೆ.

ಭಾನುವಾರದ ಕಾಲ್ ತಪ್ಪುವುದಿಲ್ಲ. ಜಡೆಮ್ಮ ಮೊಮ್ಮಗಳ ಪಾಟಿಯ ಮೇಲೆ ಬರೆದು ಫೋನಿಗೆ ಹಿಡಿಯುತ್ತಾಳೆ. ಪಾಟಿ ಸಣ್ಣದು, ನಾಲ್ಕೈದು ಮಾತು ಹಿಡಿಸುತ್ತದೆ. ಅವಳು ಒರೆಸಿ ಬರೆಯುವ ತನಕ ಗಾಳೆಪ್ಪ ತಾನೇ ಮಾತಾಡುತ್ತಾನೆ. ಅವನು ಇಷ್ಟು ಮಾತುಗಾರ ಎಂದು ಯಾರಿಗೂ ಗೊತ್ತಿರಲಿಲ್ಲ.

ಹೋದ ಭಾನುವಾರ ಅವಳು 'ಬಿಸಿಲು ಹೆಂಗೈತಿ' ಎಂದು ಬರೆದಳು. ಅವನು ಹೇಳತೊಡಗಿದ. ಹುಣಸೆ ಎಷ್ಟು ಮೊಂಡ, ಗೂಡಿನ ಪ್ಲಾಸ್ಟಿಕ್ ಹೇಗೆ ಮಂಜಾಗಿದೆ, ಹೊಸದು ಹಾಕಬೇಕು, ಕಾಲುವೆಗೆ ಇನ್ನೂ ನೀರು ಬಿಟ್ಟಿಲ್ಲ, ಜಂಬಮ್ಮನ ಕಟ್ಟೆಯ ಮೇಲೆ ಸೊಸೆಯಂದಿರು ಈಗ ಮೆಣಸಿನಕಾಯಿ ಒಣಗಿಸುತ್ತಾರೆ. ಜಡೆಮ್ಮ ತಲೆ ವಾಲಿಸಿ, ಬಾಯಿ ಅರೆತೆರೆದು, ಅವನನ್ನೇ ನೋಡುತ್ತ ಕೇಳುತ್ತಿದ್ದಳು. ಅವನು ಇನ್ನೂ ಹೇಳಿದ. ಮುಂದಿನ ತಿಂಗಳು ಬರುತ್ತೇನೆ, ಈ ಸಲ ಹದಿನೈದು ದಿನ ಇರುತ್ತೇನೆ, ನಿನ್ನ ಮೊಣಕಾಲಿಗೆ ಎಣ್ಣೆ ತರುತ್ತೇನೆ ಅಂದ. ಅವಳು ರೆಪ್ಪೆ ಮಿಟುಕಿಸಲಿಲ್ಲ. ಹಿಂದಿನ ಕಪಾಟಿನ ಬಳಿ ಓಡುತ್ತಿದ್ದ ಮೊಮ್ಮಗಳು ಒಂದು ಕಾಲು ಎತ್ತಿಕೊಂಡೇ ನಿಂತಿದ್ದಳು. ನೆಟ್‌ವರ್ಕ್ ಹೋಗಿ ಎಷ್ಟು ಹೊತ್ತಾಗಿತ್ತೋ ಅವನಿಗೆ ಗೊತ್ತಾಗಲಿಲ್ಲ.

ಅವನು ಕಾದ. ಚಿತ್ರ ಅಲ್ಲಾಡಲಿಲ್ಲ. ಹತ್ತು ಗಂಟೆಯಾಗಿತ್ತು, ಬಿಸಿಲು ಸೂರಿನ ಮೇಲೆ ಬಿದ್ದಿತ್ತು. ಫೋನನ್ನು ಜೇಬಿಗೆ ಹಾಕಿಕೊಂಡು ಕಿಂಡಿ ತೆರೆಯಲು ಹೋದ.